ವಯರ್‌ಲೆಸ್ ಕೇಳ್ತದೆ, ಮಾತಾಡ್ಲಿಕ್ಕೆ ಹೋದ್ರೆ ಸಾಯ್ತದೆ

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಭಾವ ಫೋನ್ ಮಾಡಿದರು. "ಮಾರಾಯ, ಬೋಟಿನ ವಯರ್‌ಲೆಸ್ ಕೇಳ್ತದೆ. ಬಟನ್ ಒತ್ತಿ ಮಾತಾಡ್ಲಿಕ್ಕೆ ಹೋದ್ರೆ ಸಾಯ್ತದೆ. ಕೈ ಬಿಟ್ರೆ ಪುನಃ ಜೀವ ಬರ್ತದೆ. ಇದೆಂತ ಕಥೆ?"

ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಭಾವನ ದನಿ ಅರ್ಧ ಮಾತ್ರ ಬಂದಿದೆ.

"ಸೆಟ್ ಹಾಳಾಗಿರಬೇಕು ಭಾವ, ಬೇರೆ ತಗೊಳ್ಳಿ" ಅಂದೆ. ಸುಮ್ನೆ ಬಾಯಿಗೆ ಬಂದದ್ದು. ಅವರು ಬೇರೆ ಸೆಟ್ ತಂದು ಹಾಕಿಯೂ ಆಗಿತ್ತು. ಅದೂ ಹಾಗೇ ಸಾಯುತ್ತಿತ್ತು.

ನಾನು ಉಡುಪಿಯಲ್ಲಿ ಮನೆ ವೈರಿಂಗ್ ಮಾಡುವವನು. ಹದಿನಾರು ವರ್ಷ ಆಯ್ತು. ಭಾವನದ್ದು ಮಲ್ಪೆಯಲ್ಲಿ 32 ಅಡಿಯ ಫೈಬರ್ ಬೋಟು, ಬೇರೆಯವರಿಂದ ತೆಗೆದುಕೊಂಡದ್ದು. ಒಳಗೆ ಡೀಸೆಲ್ ಎಂಜಿನ್, ನಾಲ್ಕು ಜನ ನಿಲ್ಲುವಷ್ಟು ಕ್ಯಾಬಿನ್. ಸಂಜೆ ಹೋಗಿ ಗಿಲ್‌ನೆಟ್ ಬಿಡುವುದು, ಎಂಜಿನ್ ನಿಲ್ಲಿಸಿ ರಾತ್ರಿಯಿಡೀ ಬಲೆಯ ಜೊತೆ ತೇಲುವುದು, ಬೆಳಗಿನ ಜಾವ ಬಲೆ ಎಳೆದು ಬರುವುದು. ಈ 'ಎಂಜಿನ್ ನಿಲ್ಲಿಸಿ' ಅನ್ನುವ ಎರಡು ಪದ ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯ್ತು.

ಫೋನಿಗೆ ಮೊದಲಿನ ರಾತ್ರಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಬೋಟಿನ ತಳದ ನೀರು ಹೊರಗೆ ಹಾಕುವ ಪಂಪು ನಡುರಾತ್ರಿ ನಿಂತಿದೆ. ತಳದಲ್ಲಿ ನೀರು ಏರಿ ಎಂಜಿನ್ನಿನ ಫ್ಲೈವೀಲ್ ಮುಟ್ಟುವ ಹೊತ್ತಿಗೆ ಒಬ್ಬ ಕಲಾಸಿಗೆ, ಅಂದರೆ ಬೋಟಿನ ಕೆಲಸದ ಹುಡುಗನಿಗೆ, ಎಚ್ಚರವಾಗಿದೆ. ಭಾವ ವಯರ್‌ಲೆಸ್ ಹಿಡಿದರೆ ಅದರಲ್ಲಿ ಅಕ್ಕಪಕ್ಕದ ಬೋಟಿನವರು ಬಂಗುಡೆ ರೇಟು ಮಾತಾಡುವುದು ಚೆನ್ನಾಗಿ ಕೇಳುತ್ತಿದೆ, ಇವರ ದನಿ ಮಾತ್ರ ಹೋಗುತ್ತಿಲ್ಲ. ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿ, ಟಾರ್ಚು ಬೀಸಿ, ಹೇಗೋ ಬೆಳಗಾಯ್ತು. ಮಲ್ಪೆಯಲ್ಲಿ ಇಂಥ ಮಾತನ್ನು ಯಾರೂ ಹಗುರ ಮಾಡುವುದಿಲ್ಲ. 2018ರ ಡಿಸೆಂಬರಿನಲ್ಲಿ 'ಸುವರ್ಣ ತ್ರಿಭುಜ' ಬೋಟು 7 ಜನರ ಜೊತೆ ಇಲ್ಲಿಂದಲೇ ಹೋಗಿ ಕಾಣೆಯಾದದ್ದು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನಲ್ಲಿ. ಆಮೇಲೆ ಇಲ್ಲಿಯ ಹೆಂಗಸರಿಗೂ ವಯರ್‌ಲೆಸ್ ಅಂದರೆ ಏನು ಅಂತ ಗೊತ್ತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗೆ ಇಳಿಯುವಂತಿಲ್ಲ. 61 ದಿನ. ಬೋಟಿನ ಕೆಲಸವೆಲ್ಲ ಆಗಬೇಕಾದದ್ದು ಆಗಲೇ. ಜೂನ್ ಮೊದಲ ವಾರ ಟೆಸ್ಟರ್, ಮಲ್ಟಿಮೀಟರ್, ಪ್ಲೈಯರ್ ಹಿಡಿದು ಹೊರಟೆ. ಬೋಟನ್ನು ಹೊಳೆ ಬದಿಗೆ ಎಳೆದು, ಮೇಲೆ ಟಾರ್ಪಾಲು ಕಟ್ಟಿದ್ದರು. "12 ವೋಲ್ಟು ತಾನೇ ಭಾವ, ಎರಡು ದಿನದ ಕೆಲಸ" ಅಂದೆ. ಈ ಮಾತನ್ನು ಅವರು ಈಗಲೂ ನೆಂಟರೆದುರು ಹೇಳಿ ನಗುತ್ತಾರೆ.

ಕಿತ್ತು ಹಾಕುವ ಮೊದಲು ಒಮ್ಮೆ ಅಳೆದೆ. ಇಡೀ ಕೆಲಸದಲ್ಲಿ ಶುರುವಿಗೇ ಮಾಡಿದ ಜಾಣತನ ಅದೊಂದೇ. ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ 12.2 ವೋಲ್ಟು. ವಯರ್‌ಲೆಸ್ಸಿನ ಹಿಂದೆ ಇಟ್ಟರೂ 12.2. ಎಲ್ಲಾ ಸರಿ ಉಂಟಲ್ಲ! "ಭಾವ, ಈಗ ಬಟನ್ ಒತ್ತಿ" ಅಂದೆ. ಒತ್ತಿದರು. 9.6ಕ್ಕೆ ಇಳಿಯಿತು. ಸೆಟ್ಟಿನ ದೀಪ ಆರಿತು. ಕೈ ಬಿಟ್ಟರು, ಪುನಃ 12.2.

ಪ್ರೇತ ಸಿಕ್ಕಿತು. ಈ ಸೆಟ್ಟಿಗೆ ಸುಮ್ಮನೆ ಕೇಳುತ್ತಾ ಕೂರಲು ಅರ್ಧ ಆಂಪಿಯರ್ ಸಾಕು. 25 ವಾಟಿನಲ್ಲಿ ಮಾತು ಕಳಿಸಲು 6 ಆಂಪಿಯರ್ ಬೇಕು. ಅರ್ಧ ಆಂಪಿಯರ್ ಹೇಗೋ ತೂರಿ ಬರುತ್ತಿತ್ತು. 6 ಆಂಪಿಯರ್ ಎಳೆದ ಕೂಡಲೇ ಎರಡೂವರೆ ವೋಲ್ಟು ದಾರಿಯಲ್ಲೇ ಮುಗಿದುಹೋಗುತ್ತಿತ್ತು.

ಆ ದಾರಿಯನ್ನು ಬಿಚ್ಚಿ ನೋಡಿದೆ. ವೈರು ಹೊರಗಿನಿಂದ ಕೆಂಪಗೆ, ಹೊಸದರ ಹಾಗೇ ಇತ್ತು. ಬಗ್ಗಿಸಿದರೆ ಒಳಗೆ ಸಕ್ಕರೆ ಪುಡಿಯಾದ ಹಾಗೆ ಕರಕರ ಅನ್ನುತ್ತಿತ್ತು. ತುದಿಯಿಂದ ಒಂದು ಅಡಿ ಸುಲಿದೆ. ಹಸಿರು ಹುಡಿ ಉದುರಿತು. ಇನ್ನೊಂದು ಅಡಿ ಸುಲಿದೆ. ತಾಮ್ರ ಕಪ್ಪಗೆ, ಸುಟ್ಟ ಬತ್ತಿಯ ಹಾಗೆ. ಉಪ್ಪುನೀರು ತುದಿಯಿಂದ ಎಳೆಗಳ ನಡುವೆ ಹತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರುತ್ತಾ ಹೋಗಿದೆ. ನಡುವೆ ಒಂದು ಕಡೆ ಯಾರೋ ಎರಡು ತುಂಡು ತಿರುಚಿ ಜೋಡಿಸಿ, ಇನ್ಸುಲೇಷನ್ ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ಒಳಗೆ ನೀರು. ಮನೆಯಲ್ಲಿ ನಾನೂ ಹೀಗೆ ತಿರುಚಿ ಟೇಪು ಸುತ್ತಿದ್ದುಂಟು, ಸುಳ್ಳು ಯಾಕೆ ಹೇಳಲಿ.

ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ದಾರಿಯಲ್ಲಿ ಹೋದರೆ ಯಾರಿಗೂ ಗೊತ್ತಾಗಲ್ಲ. 12ರಲ್ಲಿ ಒಂದು ಹೋದರೆ ನೂರಕ್ಕೆ ಎಂಟು ಹೋಯ್ತು. ಹದಿನಾರು ವರ್ಷ ನಾನು ವೈರಿನ ದಪ್ಪ ನೋಡಿದ್ದು ಬಿಸಿಯಾಗುತ್ತದೋ ಇಲ್ಲವೋ ಅಂತ. ಇಲ್ಲಿ ನೋಡಬೇಕಾದದ್ದು ವೋಲ್ಟು ಆಚೆ ದಡ ಮುಟ್ಟುತ್ತದೋ ಇಲ್ಲವೋ ಅಂತ. ಅವತ್ತು ಸಂಜೆ ಪ್ಲೈಯರ್ ಚೀಲಕ್ಕೆ ಹಾಕಿ ಮಗಳ ಡ್ರಾಯಿಂಗ್ ಪುಸ್ತಕ ತೆರೆದೆ. ಮುಂದಿನ ಮೂರು ವಾರ ಒಂದು ವೈರನ್ನೂ ಎಳೆಯಲಿಲ್ಲ. ಬರೀ ಕಾಗದ.

ಮೊದಲು ಭಾವನನ್ನು ಕೂರಿಸಿ ಒಂದು ರಾತ್ರಿಯ ಕಥೆ ಹೇಳಿಸಿದೆ. ಎಷ್ಟು ಗಂಟೆಗೆ ಹೊರಡುತ್ತೀರಿ, ಬಲೆ ಬಿಟ್ಟದ್ದು ಎಷ್ಟಕ್ಕೆ, ಯಾವ ದೀಪ ಎಷ್ಟು ಹೊತ್ತು ಉರಿಯುತ್ತದೆ. ಅವರಿಗೆ ಇದು ತಮಾಷೆ. "ದೀಪ ಎಷ್ಟು ಹೊತ್ತು ಉರೀತದೆ ಅಂತ ಯಾರು ನೋಡ್ತಾರೆ? ಕತ್ತಲೆ ಇರುವಷ್ಟು ಹೊತ್ತು ಉರೀತದೆ." ಕೊನೆಗೆ ಎಂಜಿನ್ ನಿಂತು, ಬ್ಯಾಟರಿ ಚಾರ್ಜ್ ಆಗದೆ ಇರುವುದು ಹತ್ತು ಗಂಟೆ ಅಂತ ಹಿಡಿದೆವು. ದಾರಿದೀಪಗಳು, ಅಂದರೆ ನಮ್ಮ ಬೋಟು ಇಲ್ಲುಂಟು ಅಂತ ಬೇರೆಯವರಿಗೆ ತೋರಿಸುವ ದೀಪಗಳು, ಎಲ್‌ಇಡಿಯದ್ದಾದರೆ ಒಟ್ಟು 1 ಆಂಪಿಯರ್, ಹತ್ತು ಗಂಟೆಗೆ 10. ಜಿಪಿಎಸ್ ಮತ್ತು ಮೀನು ತೋರಿಸುವ ಸ್ಕ್ರೀನ್ ಸೇರಿ ಒಂದೂವರೆ, ಅಂದರೆ 15. ವಯರ್‌ಲೆಸ್ ಕೇಳಲು 5, ಮಾತಿಗೆ ಇನ್ನೊಂದು 2. ಡೆಕ್ಕಿನ ಎರಡು 20 ವಾಟಿನ ದೀಪ ನಾಲ್ಕು ಗಂಟೆಗೆ 14 ಹತ್ತಿರ. ಕ್ಯಾಬಿನ್ ದೀಪಕ್ಕೆ 3. ಮೊಬೈಲುಗಳಿಗೆ 4 ಅಂತ ಹಾಕಿದೆ, ಹುಡುಗರು ನಾಲ್ವರೂ ರೀಲ್ಸ್ ನೋಡುವವರು, ಕಡಿಮೆಯೇ ಹಾಕಿದೆನೋ ಏನೋ. ಪಂಪು ಗಂಟೆಗೆ ಹತ್ತು ನಿಮಿಷ ಓಡಿದರೆ 7. ಕೂಡಿಸಿದರೆ 60 ಆಂಪಿಯರ್-ಅವರ್.

ಬ್ಯಾಟರಿ ಇದ್ದದ್ದು 100ರದ್ದು ಒಂದೇ. ಎಂಜಿನ್ ಸ್ಟಾರ್ಟ್ ಮಾಡುವುದೂ ಅದೇ, ರಾತ್ರಿ ದೀಪವೂ ಅದೇ. ಸೀಸದ ಬ್ಯಾಟರಿಯಿಂದ ದಿನಾ ಅರ್ಧಕ್ಕಿಂತ ಜಾಸ್ತಿ ಎಳೆದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅದಕ್ಕೇ ಬೆಳಗಿನ ಜಾವ ಎಂಜಿನ್ ತಿರುಗಿಸುವಾಗ 'ಟಕ್ ಟಕ್' ಅಂತ ಸದ್ದು ಮಾತ್ರ ಬರುತ್ತಿದ್ದದ್ದು. "ಚಳಿಗೆ ಹಾಗೆ" ಅಂದುಕೊಂಡಿದ್ದರಂತೆ ಭಾವ. ಮಲ್ಪೆಯಲ್ಲಿ ಎಂಥ ಚಳಿ!

ಎರಡು ಪಾಲು ಮಾಡಿದೆ. ಎಂಜಿನ್ನಿಗೇ ಒಂದು ಬ್ಯಾಟರಿ, ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಉಳಿದದ್ದಕ್ಕೆ ಬೇರೆ. 60ನ್ನು ಅರ್ಧ ಪಾಲು ಅಂತ ಇಟ್ಟರೆ 120 ಬೇಕು. ನನ್ನ ತಲೆಗೆ ಮೊದಲು ಹೊಳೆದದ್ದು ಮನೆ ಇನ್ವರ್ಟರಿನ 150ರ ಎತ್ತರದ ಟ್ಯೂಬುಲರ್ ಬ್ಯಾಟರಿ. ತಂದು ತೋರಿಸಿದೆ. ಭಾವ ಅದನ್ನು ಒಮ್ಮೆ ನೋಡಿ, ಕಾಲಿನಿಂದ ಮೆಲ್ಲ ದೂಡಿದರು. ಅದು ವಾಲಿತು. "ಕಡಲು ಇದಕ್ಕಿಂತ ಜೋರು ದೂಡ್ತದೆ" ಅಂದರು. ವಾಲಿ ಬಿದ್ದು ಆಸಿಡ್ ಚೆಲ್ಲಿದರೆ ಒಂದು ಅಪಾಯ, ಉಪ್ಪುನೀರು ಬ್ಯಾಟರಿ ಒಳಗೆ ಹೋದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಇನ್ನೊಂದು. ವಾಪಸ್ ಕೊಟ್ಟು 100ರ ಎರಡು ಗಿಡ್ಡ ಸೀಲ್ಡ್ ಬ್ಯಾಟರಿ ತಂದೆ. ತಳದಿಂದ ಎತ್ತರಕ್ಕೆ, ಗಾಳಿ ಆಡುವ ಪೆಟ್ಟಿಗೆಯಲ್ಲಿಟ್ಟು ಬೆಲ್ಟು ಬಿಗಿದೆ.

ಕಲಾಸಿ ಹುಡುಗನೊಬ್ಬನಿಗೆ ದೊಡ್ಡ ದೊಡ್ಡ ಎಲ್‌ಇಡಿ ಬೇಕಿತ್ತು. ನೀರಿಗೆ ಬೆಳಕು ಬಿಟ್ಟರೆ ಮೀನು ತಾನಾಗಿ ಬರುತ್ತದಲ್ಲ ಅಂತ. ಭಾವ ಬೈದರು. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ನನಗಂತೂ ನಿರಾಳ. ಅಷ್ಟು ಕರೆಂಟಿಗೆ ಜನರೇಟರ್ ಬೇಕಾಗುತ್ತಿತ್ತು. ಭಾವನಿಗೂ ಒಂದು ಆಸೆ ಇತ್ತು, ಇನ್ವರ್ಟರ್ ಹಾಕಿ 230 ವೋಲ್ಟಿನ ಪ್ಲಗ್ ಪಾಯಿಂಟು. ಅದಕ್ಕೆ ನಾನು ಒಪ್ಪಲಿಲ್ಲ. ಒದ್ದೆ ಡೆಕ್ಕು, ಒದ್ದೆ ಕೈ, ಬರಿಗಾಲು. ಮೇಲಾಗಿ ಮನೆಯಲ್ಲಿ ಕಪ್ಪು ವೈರು ನ್ಯೂಟ್ರಲ್, ಇಲ್ಲಿ ಕಪ್ಪು ಮೈನಸ್. ಎರಡೂ ಒಂದೇ ಬೋಟಿನಲ್ಲಿ ಇದ್ದರೆ ಒಂದಲ್ಲ ಒಂದು ದಿನ ಯಾರೋ ತಪ್ಪಿ ಜೋಡಿಸುತ್ತಾರೆ. ಮೊಬೈಲಿಗೆ 12 ವೋಲ್ಟಿನಿಂದಲೇ ಓಡುವ ಯುಎಸ್‌ಬಿ ಸಾಕೆಟ್ ಸಾಕು.

ಆಮೇಲೆ ವೈರಿನ ದಪ್ಪ. ಲೆಕ್ಕ ಸುಲಭ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿಗೆ ಒಂದು ಮೀಟರಿಗೆ 0.0175 ಓಮ್ ತಡೆ. ಹೋಗುವ ದಾರಿ, ಬರುವ ದಾರಿ ಎರಡೂ ಎಣಿಸಬೇಕು. ಮರೆಯುವುದು ಇಲ್ಲೇ. ಬ್ಯಾಟರಿಯಿಂದ ವಯರ್‌ಲೆಸ್ಸಿಗೆ 5 ಮೀಟರ್, ಹೋಗಿ ಬಂದು 10. ಒಂದೂವರೆ ಎಂಎಂ ವೈರಿನಲ್ಲಿ 6 ಆಂಪಿಯರ್ ಹೋದರೆ 0.7 ವೋಲ್ಟು ಕಳೆಯುತ್ತದೆ. ನೂರಕ್ಕೆ ಆರು. 4 ಎಂಎಂ ಹಾಕಿದರೆ 0.26, ನೂರಕ್ಕೆ ಎರಡು ಚಿಲ್ಲರೆ. ವಯರ್‌ಲೆಸ್, ದಾರಿದೀಪ, ಪಂಪು, ಇವಕ್ಕೆ ನೂರಕ್ಕೆ ಮೂರಕ್ಕಿಂತ ಜಾಸ್ತಿ ಕಳೆಯಬಾರದು ಅಂತ ಇಟ್ಟುಕೊಂಡೆ. ಕ್ಯಾಬಿನ್ ದೀಪ ಸ್ವಲ್ಪ ಮಂಕಾದರೆ ಯಾರೂ ಸಾಯುವುದಿಲ್ಲ.

ವೈರು ತರಲು ಹೋದದ್ದು ಇನ್ನೊಂದು ಕಥೆ. ಬೋಟಿಗೆ ಬೇಕಾದದ್ದು ಸಣ್ಣ ಸಣ್ಣ ಎಳೆಗಳ, ಪ್ರತಿ ಎಳೆಗೂ ತವರದ ಲೇಪ ಇರುವ ತಾಮ್ರ. ಅಕ್ಕನ ಅತ್ತೆಗೆ ಹೇಳಿದಾಗ "ಓ, ಕಲಾಯಿ ಹಾಕಿದ ವೈರಾ?" ಅಂದರು. ಅದೇ ನೋಡಿ! ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದು ಹುಳಿಗೆ ಕಿಲುಬು ಬರಬಾರದು ಅಂತ. ಇಲ್ಲಿ ಉಪ್ಪಿಗೆ. ಮನೆಗೆ ಎಳೆಯುವ ಒಂಟಿ ಎಳೆಯ ದಪ್ಪ ವೈರು ಇಲ್ಲಿ ನಡೆಯಲ್ಲ, ಎಂಜಿನ್ನಿನ ನಡುಕಕ್ಕೆ ಒಂದು ದಿನ ಒಳಗೇ ಮುರಿಯುತ್ತದೆ.

ಮೊದಲು ಹೋದ ಅಂಗಡಿಯವ "ಮೆರೈನ್ ವೈರು" ಅಂತ ಒಂದು ಸುರುಳಿ ಕೊಟ್ಟ. ಅಗ್ಗ. ಹಗುರ ಕೂಡ, ಅನುಮಾನ ಬಂದದ್ದು ಅದಕ್ಕೇ. ಮನೆಗೆ ಬಂದು ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಕೆರೆದಲ್ಲಿ ಬೆಳ್ಳಗೆ. ಅಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಅಂಗಿ. ಕಲಾಯಿ ವೈರು ಇದಕ್ಕೆ ಸರೀ ಉಲ್ಟಾ. ಮೇಲೆ ಬೆಳ್ಳಗೆ, ಕೆರೆದರೆ ಒಳಗೆ ಕೆಂಪು. ಆ ಸುರುಳಿ ವಾಪಸ್ ಕೊಡಲು ಹೋಗಿ ಜಗಳವೇ ಆಯ್ತು. ಕೊನೆಗೆ ಸರಿಯಾದದ್ದು ಸಿಕ್ಕಿದ್ದು ಮಂಗಳೂರಿನ ಬಂದರಿನಲ್ಲಿ. ಅಂಗಡಿಯ ಎದುರೇ ಬ್ಲೇಡು ತೆಗೆದು ಕೆರೆದೆ. ಅವರಿಗೆ ಬೇಜಾರಾಗಲಿಲ್ಲ. "ನೋಡಿ ತಗೊಳ್ಳಿ, ಕೆರೆದು ನೋಡುವವರೇ ನಮಗೆ ಬೇಕು" ಅಂದರು. ರೇಟು ಮಾಮೂಲಿ ವೈರಿಗಿಂತ ಎಷ್ಟೋ ಜಾಸ್ತಿ. ಭಾವನ ಮುಖ ಸಣ್ಣದಾಯ್ತು. ಹಳೆಯ ವೈರಿನ ಆ ಹಸಿರು ಹುಡಿಯನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದೆ, ತೆಗೆದು ತೋರಿಸಿದೆ. ಮಾತಾಡದೆ ದುಡ್ಡು ಕೊಟ್ಟರು.

ನಕ್ಷೆ ಮುಗಿಯಿತು ಅಂದುಕೊಂಡಾಗ ಭಾವ ದಕ್ಕೆಯ, ಅಂದರೆ ಬೋಟು ಕಟ್ಟುವ ಕಟ್ಟೆಯ, ಒಬ್ಬರನ್ನು ಕರೆದುಕೊಂಡು ಬಂದರು. ಬೋಟುಗಳ ಕರೆಂಟು ಕೆಲಸ ಮಾಡಿ ಮಾಡಿ ತಲೆ ನೆರೆದವರು, ಅಲ್ಲಿ ಎಲ್ಲರಿಗೂ ಅವರು 'ಅಣ್ಣ'. ನನ್ನ ಬಣ್ಣ ಬಣ್ಣದ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಎರಡೇ ಪ್ರಶ್ನೆ ಕೇಳಿದರು.

"ಬ್ಯಾಟರಿಯಿಂದ ಮೊದಲ ಫ್ಯೂಸಿಗೆ ಎಷ್ಟು ದೂರ?"

ನನ್ನ ಫ್ಯೂಸುಗಳೆಲ್ಲ ಕ್ಯಾಬಿನ್ನಿನ ಬೋರ್ಡಿನಲ್ಲಿದ್ದವು. ಮನೆಯಲ್ಲಿ ಹಾಗೇ ತಾನೇ? ಮೀಟರ್ ಬೋರ್ಡಿಗೆ ಬರುವ ಮೊದಲು ಕಂಬದಲ್ಲಿ ಬೇರೆಯವರ ಫ್ಯೂಸು ಇರುತ್ತದೆ. ಇಲ್ಲಿ ಕಂಬ ಇಲ್ಲ. ಬ್ಯಾಟರಿಯಿಂದ ಬೋರ್ಡಿಗೆ ಬರುವ ಆ ನಾಲ್ಕು ಮೀಟರ್ ವೈರು ಎಲ್ಲಾದರೂ ಉಜ್ಜಿ ಎಂಜಿನ್ನಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ. ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಪಕ್ಕದಲ್ಲಿ ಡೀಸೆಲ್ ಟ್ಯಾಂಕಿ. ಅಮೆರಿಕದ ಬೋಟುಗಳ ನಿಯಮದಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಮೊದಲ ಫ್ಯೂಸು 7 ಇಂಚಿನ ಒಳಗೆ ಇರಬೇಕು. ಅಣ್ಣ ಅದನ್ನು ಓದಿದವರಲ್ಲ. ಹೆಬ್ಬೆರಳು, ಕಿರುಬೆರಳು ಅಗಲಿಸಿ "ಒಂದು ಗೇಣಿಗಿಂತ ದೂರ ಬೇಡ" ಅಂದರು. ಲೆಕ್ಕ ಹೆಚ್ಚು ಕಡಿಮೆ ಒಂದೇ. 40 ಆಂಪಿಯರಿನ ಒಂದು ಫ್ಯೂಸು ಬ್ಯಾಟರಿ ಪೆಟ್ಟಿಗೆಗೇ ಬಂತು, ಮುಂದಕ್ಕೆ 10 ಎಂಎಂ ವೈರು.

"ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋದ್ರಿ. ರಾತ್ರಿ ಮಳೆ ಬಂತು. ಪಂಪಿಗೆ ಯಾರು ಕರೆಂಟು ಕೊಡ್ತಾರೆ?"

ನಾನು ಸುಮ್ಮನಾದೆ. ಟಾರ್ಪಾಲಿನ ಮೇಲೆ ಜೂನಿನ ಮಳೆ ಚಟಚಟ ಹೊಡೆಯುತ್ತಿತ್ತು, ಉತ್ತರ ಅಲ್ಲೇ ಇತ್ತು. ಪಂಪಿಗೆ ಮೇನ್ ಸ್ವಿಚ್ಚಿನ ಹಿಂದಿನಿಂದಲೇ, ತನ್ನದೇ ಫ್ಯೂಸಿನೊಂದಿಗೆ, ನೇರ ಬ್ಯಾಟರಿಯಿಂದ ದಾರಿ ಬೇಕು. ನೀರು ಏರಿದರೆ ತೇಲುವ ಸ್ವಿಚ್ಚು ತಾನಾಗಿ ಪಂಪು ಓಡಿಸಬೇಕು. ಅದು ಓಡುತ್ತಿದೆ ಅಂತ ತಿಳಿಯಲು ಕ್ಯಾಬಿನ್ನಿನಲ್ಲಿ ಒಂದು ಸಣ್ಣ ಕೆಂಪು ದೀಪ. ಏಪ್ರಿಲಿನ ಆ ರಾತ್ರಿ ಪಂಪು ನಿಂತದ್ದೇ ಯಾರಿಗೂ ಗೊತ್ತಾಗಿರಲಿಲ್ಲವಲ್ಲ.

ಹೋಗುವಾಗ ಅಣ್ಣ ಎಂಜಿನ್ನಿಗೆ ಬೆರಳು ತೋರಿಸಿ, "ಜಿಂಕು ಎಷ್ಟು ತಿಂಗಳಿಗೆ ಬದಲಿಸ್ತೀರಿ?" ಅಂತ ಭಾವನನ್ನು ಕೇಳಿದರು. "ಎರಡು ತಿಂಗಳೂ ಬರುದಿಲ್ಲ, ಈಗಿನ ಜಿಂಕು ಡೂಪ್ಲಿಕೇಟು" ಅಂದರು ಭಾವ. ಅಣ್ಣ ನಕ್ಕರು. ಹಳೆಯ ವೈರಿಂಗಿನಲ್ಲಿ ದೀಪಗಳ ಮೈನಸ್ಸನ್ನೆಲ್ಲ ಹತ್ತಿರದ ಎಂಜಿನ್ನಿನ ಬೋಲ್ಟಿಗೆ ಕಟ್ಟಿದ್ದರು. ಕರೆಂಟು ಎಂಜಿನ್ನು, ಶಾಫ್ಟು, ಉಪ್ಪುನೀರು ಅಂತ ಸುತ್ತಾಡಿ, ಪ್ರೊಪೆಲ್ಲರನ್ನು ಕಾಯಲು ಇಟ್ಟ ಜಿಂಕನ್ನು ತಿನ್ನುತ್ತಿತ್ತು. ಹೊಸದರಲ್ಲಿ ಪ್ರತಿಯೊಂದಕ್ಕೂ ತನ್ನದೇ ಎರಡು ವೈರು. ಮೈನಸ್ಸುಗಳೆಲ್ಲ ಒಂದೇ ಹಿತ್ತಾಳೆ ಪಟ್ಟಿಗೆ, ಎಂಜಿನ್ನಿಗೆ ಅಲ್ಲಿಂದ ಒಂದೇ ಒಂದು ಕಡೆ ಜೋಡಣೆ.

ಜುಲೈಯಲ್ಲಿ ಕೈ ಕೆಲಸ. ಅದನ್ನು ಉದ್ದ ಹೇಳುವುದಿಲ್ಲ. ಮನೆಯ ಹಾಗೆ ಪಿವಿಸಿ ಪೈಪು ಹಾಕಿದೆ, ಆದರೆ ಪೈಪಿನ ತಗ್ಗಿನಲ್ಲೆಲ್ಲ ನೀರು ಇಳಿಯಲು ತೂತು ಕೊರೆದೆ. ವೈರೆಲ್ಲ ತಳ ಬಿಟ್ಟು ಮೇಲಂಚಿನ ಅಡಿಯಲ್ಲಿ ಹೋಯ್ತು. ಬಿಡಿ ವೈರಿಗೆ ಒಂದೂವರೆ ಅಡಿಗೊಂದು ಕ್ಲಾಂಪು. ಕ್ಯಾಬಿನ್ನಿನ ಒಳಗೆ ಹೋಗುವ ಮೊದಲು ವೈರನ್ನು ಕೆಳಕ್ಕೆ ಇಳಿಸಿ ಪುನಃ ಮೇಲೆತ್ತಿದೆ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಸೋಲ್ಡರಿಂಗ್ ನನಗೆ ಇಷ್ಟದ ಕೆಲಸ, ಇಲ್ಲಿ ಬಿಡಬೇಕಾಯ್ತು. ಸೋಲ್ಡರ್ ಮುಗಿಯುವಲ್ಲಿ ವೈರು ಗಟ್ಟಿಯಾಗಿ, ನಡುಕಕ್ಕೆ ಅಲ್ಲೇ ಮುರಿಯುತ್ತದೆ. ವೈರಿನ ತುದಿಗೆ ಉಂಗುರದ ಲಗ್ಗನ್ನು ಅದುಮಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದರೆ ಅಂಚಿನಲ್ಲಿ ಜೇನಿನ ಹನಿಯ ಹಾಗೆ ಅಂಟು ಹೊರಗೆ ಬರುತ್ತದೆ. ಆ ಹನಿ ಕಂಡರೆ ಸೀಲ್ ಆಯ್ತು ಅಂತ ಲೆಕ್ಕ. ಸುಮಾರು ಎಂಬತ್ತು ತುದಿಗಳು. ಎಂಬತ್ತು ಹನಿ ನೋಡಿದ್ದೇನೆ.

ಆದರೆ ದಾರಿದೀಪದಲ್ಲಿ ನನ್ನ ಮಾನ ಹೋದದ್ದನ್ನು ಹೇಳಲೇಬೇಕು.

ಹಳೆಯದರಲ್ಲಿ ಇದ್ದದ್ದು ಒಂದು ಬಿಳಿ ಬಲ್ಬು ಮತ್ತು ಜಾತ್ರೆಯಲ್ಲಿ ಮಿನುಗುವಂಥ ನೀಲಿ ಎಲ್‌ಇಡಿ ಪಟ್ಟಿ. ಕಡಲಿನ ದೀಪಗಳಿಗೆ 1972ರ ಅಂತರರಾಷ್ಟ್ರೀಯ ನಿಯಮ ಉಂಟು. ಓಡುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 12 ಮೀಟರಿಗಿಂತ ಚಿಕ್ಕ ಬೋಟಿಗೆ ಅದರ ಜೊತೆ ಸುತ್ತಲೂ ಕಾಣುವ ಒಂದು ಬಿಳಿ ಸಾಕು. ಬಲೆ ಬಿಟ್ಟು ನಿಂತಾಗ ಮೇಲೆ ಕೆಂಪು, ಕೆಳಗೆ ಬಿಳಿ, ಎರಡೂ ಸುತ್ತಲೂ ಕಾಣಬೇಕು. ಟ್ರಾಲ್ ಎಳೆಯುವವರದ್ದಾದರೆ ಕೆಂಪಿನ ಬದಲು ಹಸಿರು. ಬಲೆ 150 ಮೀಟರಿಗಿಂತ ಆಚೆ ಚಾಚಿದ್ದರೆ ಆ ದಿಕ್ಕಿಗೆ ಇನ್ನೊಂದು ಬಿಳಿ. ಪಣಂಬೂರಿನ ಬಂದರಿಗೆ ಹೋಗುವ ದೊಡ್ಡ ಹಡಗಿನವರು ಇದನ್ನು ನೋಡಿಯೇ 'ಇಲ್ಲಿ ಬಲೆ ಉಂಟು' ಅಂತ ತಿಳಿಯುವುದು. ನೀಲಿ ಪಟ್ಟಿಯಿಂದ ಅವರಿಗೆ ತಿಳಿಯುವುದು ಎಂತ?

ಭಾವನಿಗೆ ನಾಲ್ಕು ಸ್ವಿಚ್ಚು ಬೇಡ. "ಮೇಲೆ ಮಾಡಿದ್ರೆ ಓಡುದು, ಕೆಳಗೆ ಮಾಡಿದ್ರೆ ಬಲೆ. ಕತ್ತಲೆಯಲ್ಲಿ ಕೈಗೆ ಗೊತ್ತಾಗ್ಬೇಕು." ಒಳ್ಳೆಯ ಮಾತು. ಓಡುವಾಗ ಬಿಳಿ ಮತ್ತು ಬದಿ ದೀಪಗಳು, ಬಲೆಗೆ ಬಿಳಿ ಮತ್ತು ಕೆಂಪು. ಬಿಳಿ ಎರಡಕ್ಕೂ ಬೇಕು. ಮನೆಯ ಮೆಟ್ಟಿಲಿಗೆ ಟೂ-ವೇ ಸ್ವಿಚ್ಚು ಎಷ್ಟು ಹಾಕಿಲ್ಲ ನಾನು? ಅಂಥದ್ದೇ ಒಂದು ತಂದು, ಬಿಳಿ ದೀಪದ ವೈರನ್ನು ಮೇಲಿನ ಕಾಲಿಗೂ ಕೆಳಗಿನ ಕಾಲಿಗೂ ಕೊಟ್ಟೆ. ಎಲ್ಲರೂ ನೋಡಲು ನಿಂತಿದ್ದರು. ಮೇಲೆ ಮಾಡಿದೆ. ಬಿಳಿ, ಕೆಂಪು, ಬದಿ ದೀಪ, ಎಲ್ಲಾ ಒಟ್ಟಿಗೆ ಹೊತ್ತಿತು. ಕೆಳಗೆ ಮಾಡಿದೆ. ಪುನಃ ಎಲ್ಲಾ.

"ದೀಪಾವಳಿಗೆ ಇನ್ನೂ ಟೈಮ್ ಉಂಟು ಮಾರಾಯ" ಅಂದರು ಭಾವ.

ಬಿಳಿಯ ವೈರು ಎರಡೂ ಕಾಲುಗಳಿಗೆ ಸೇತುವೆಯಾಗಿತ್ತು. ಒಂದು ಕಡೆ ಕೊಟ್ಟ ಕರೆಂಟು ಅದರ ಮೂಲಕ ಇನ್ನೊಂದು ಕಡೆಗೂ ಹೋಗುತ್ತಿತ್ತು. ಮೊದಲ ವರ್ಷದ ಹುಡುಗ ಮಾಡುವ ತಪ್ಪು. ಬೇಕಾದದ್ದು ಎರಡು ಸಾಲಿನ, ಆರು ಕಾಲಿನ ಸ್ವಿಚ್ಚು. ಒಂದು ಸಾಲು ಬಿಳಿಗೇ ಮೀಸಲು, ಮೇಲೆ ಕೆಳಗೆ ಎರಡರಲ್ಲೂ. ಇನ್ನೊಂದು ಸಾಲು ಮೇಲೆ ಮಾಡಿದರೆ ಬದಿ ದೀಪಕ್ಕೆ, ಕೆಳಗೆ ಮಾಡಿದರೆ ಕೆಂಪಿಗೆ. ನಡುವೆ ನಿಲ್ಲಿಸಿದರೆ ಆಫ್. ಬಲೆ ಎಳೆಯುತ್ತಾ ಬೋಟು ಮುಂದೆ ಸರಿಯುವಾಗ ಬದಿ ದೀಪ, ಹಿಂದಿನ ದೀಪವೂ ಬೇಕಾಗುತ್ತದೆ, ಅದಕ್ಕೆ ಪಕ್ಕದಲ್ಲೇ ಬೇರೆ ಸ್ವಿಚ್ಚು ಇಟ್ಟೆ. ಭಾವ ಕಣ್ಣು ಮುಚ್ಚಿ ಹತ್ತು ಸಲ ಮೇಲೆ ಕೆಳಗೆ ಮಾಡಿ ಪಾಸು ಮಾಡಿದರು.

ಜುಲೈ ಕೊನೆಗೆ ಎಲ್ಲಾ ಮುಗಿಸಿ, ಪುನಃ ಅದೇ ಪರೀಕ್ಷೆ. ಬ್ಯಾಟರಿಯಲ್ಲಿ 12.4. ಮೀಟರಿನ ಕಡ್ಡಿ ವಯರ್‌ಲೆಸ್ಸಿನ ಹಿಂದೆ ಇಟ್ಟೆ. "ಒತ್ತಿ ಭಾವ." 12.1. ಒತ್ತಿಯೇ ಇದ್ದರು. 12.1. ದಕ್ಕೆಯ ಇನ್ನೊಂದು ತುದಿಯ ಬೋಟಿನಿಂದ ಉತ್ತರ ಬಂತು. ನನಗೆ ಕಣ್ಣು ಸ್ವಲ್ಪ ಒದ್ದೆ ಆಗುವುದರಲ್ಲಿತ್ತು. ಅಷ್ಟರಲ್ಲಿ ಹುಡುಗ ಡೆಕ್ಕಿನ ದೀಪ ಹಾಕಿದ. ವಯರ್‌ಲೆಸ್ಸಿನಲ್ಲಿ ಒಗ್ಗರಣೆ ಹಾಕಿದ ಹಾಗೆ ಚೊಂಯ್ ಅಂತ ಸದ್ದು. ಆ ಕಡೆಯ ಮಾತು ಪೂರಾ ಮುಚ್ಚಿಹೋಯ್ತು. ದೀಪ ಆರಿಸಿದರೆ ಮಾತು ಸ್ಪಷ್ಟ.

ಎರಡು ದಿನ ನಿದ್ದೆ ಇಲ್ಲ. ನನ್ನ ವೈರಿಂಗಿನದ್ದೇ ತಪ್ಪು ಅಂತ ಪ್ರತಿ ತುದಿ ನೋಡಿದೆ. ತಪ್ಪು ದೀಪದ್ದು. ಅಗ್ಗದ ಎಲ್‌ಇಡಿ ದೀಪದೊಳಗೆ ಕರೆಂಟನ್ನು ಹದ ಮಾಡುವ ಸಣ್ಣ ಸರ್ಕ್ಯೂಟು ಇರುತ್ತದೆ, ಅದು ತಾನೇ ಒಂದು ಪುಟ್ಟ ರೇಡಿಯೋ ಸ್ಟೇಷನ್ನಿನ ಹಾಗೆ ಸದ್ದು ಹೊರಡಿಸುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತ್ತು ಅಂತ ಆಮೇಲೆ ಓದಿದೆ. ದೀಪ ಬದಲಿಸಿದೆವು. ಅಂಗಡಿಗೇ ಬ್ಯಾಟರಿ ಮತ್ತು ಒಂದು ಕೈ ವಯರ್‌ಲೆಸ್ ಹಿಡಿದುಕೊಂಡು ಹೋಗಿ, ಒಂದೊಂದೇ ದೀಪ ಹೊತ್ತಿಸಿ ಕಿವಿಗೊಟ್ಟು ಆರಿಸಿದ್ದು. ಅಂಗಡಿಯವರು ನಮ್ಮನ್ನು ನೋಡಿದ ರೀತಿ ಬೇಡ.

ಅದೇ ಹೊತ್ತಿಗೆ ಕ್ಯಾಬಿನ್ನಿನ ದಿಕ್ಸೂಚಿಯನ್ನೂ ನೋಡಿದೆ. ಪಕ್ಕದ ದೀಪ ಹಾಕಿದಾಗ ಮುಳ್ಳು ಸಣ್ಣಗೆ ಸರಿಯುತ್ತಿತ್ತು. ಆ ಎರಡು ವೈರನ್ನು ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಹೊಸೆದೆ. ಮುಳ್ಳು ನಿಂತಿತು.

ಬೋರ್ಡಿನಲ್ಲಿ ಹನ್ನೆರಡು ಫ್ಯೂಸು, ಹನ್ನೆರಡು ನಂಬರು. ಪ್ರತಿ ವೈರಿನ ಎರಡೂ ತುದಿಗೆ ಅದೇ ನಂಬರು. ಹನ್ನೊಂದು, ಹನ್ನೆರಡು ಖಾಲಿ. ಬೋಟು ಎಲ್ಲಿದೆ ಅಂತ ದಡಕ್ಕೆ ತಿಳಿಸಲು ಮೀನುಗಾರಿಕೆ ಇಲಾಖೆಯವರು ಹಾಕುತ್ತಿರುವ ಉಪಗ್ರಹ ಟ್ರಾನ್ಸ್‌ಪಾಂಡರಿಗೆ ಒಂದು, ಭಾವನ ಮುಂದಿನ ಆಸೆಗೆ ಒಂದು. ಬ್ಯಾಟರಿ ಸ್ವಿಚ್ಚಿನ ಮೇಲೆ 'ಎಂಜಿನ್ ಓಡುವಾಗ ಮುಟ್ಟಬೇಡಿ' ಅಂತ ಕೆಂಪಕ್ಷರದಲ್ಲಿ ಬರೆದೆ, ಓಡುವಾಗ ಬ್ಯಾಟರಿ ಕಡಿದರೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡು ಸುಡುತ್ತದೆ. ನಕ್ಷೆಗೆ ಲ್ಯಾಮಿನೇಷನ್ ಮಾಡಿಸಿ ಒಂದನ್ನು ಕ್ಯಾಬಿನ್ ಬಾಗಿಲಿಗೆ ಅಂಟಿಸಿದೆ. ಮಗಳ ಪುಸ್ತಕದಲ್ಲಿದ್ದ ಮೂಲ ನಮ್ಮ ಮನೆಯ ಕಪಾಟಿನ ಒಳಬದಿಯಲ್ಲಿದೆ.

ನವೆಂಬರಿನಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಫೋನು. ಅವರು ಇನ್ನೂ ದಡದಿಂದ ಹೆಚ್ಚು ದೂರ ಹೋಗಿರಲಿಲ್ಲ, ಸಿಗ್ನಲ್ ಇತ್ತು.

"ಏಳು ಹೋಯ್ತು" ಅಂದರು ಭಾವ. ನಮಸ್ಕಾರ ಇಲ್ಲ, ಊಟ ಆಯ್ತಾ ಇಲ್ಲ.

ಕಪಾಟು ತೆರೆದೆ. ಏಳು ಅಂದರೆ ಮೊಬೈಲ್ ಸಾಕೆಟ್ಟು. "ಅದಕ್ಕೆ ಎಂತ ಹಾಕಿದ್ರಿ?"

ಆ ಕಡೆ ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಮಾತ್ರ. ಆಮೇಲೆ ಹಿಂದಿನಿಂದ ಹುಡುಗನ ದನಿ, "ಸಾಕೆಟ್ಟಿನ ವೈರಿಗೆ ಕೊಟ್ಟದ್ದು, ಸಣ್ಣ ಕೆಟಲ್ ಅಷ್ಟೇ ಅಣ್ಣಾ, ಚಾ ಮಾಡ್ಲಿಕ್ಕೆ."

"ಅದನ್ನು ಬಿಚ್ಚಿ ತೆಗೀರಿ. ಫ್ಯೂಸಿನ ಡಬ್ಬಿಯಲ್ಲಿ ಹಳದಿ ಚೀಟಿ ಇರುವುದು ಹಾಕಿ."

"ಹಾಕಿದೆ" ಅಂದರು ಭಾವ. "ಬಂತು. ಇಡು."